ಗುರುಗುಟ್ಟುವುದನ್ನು ಬಿಟ್ಟ ನಾಯಿ: ಬಟ್ಟಲು ಕಾಯುವ ಚುಕ್ಕಿಯ ಪ್ರಕರಣ

ಮನೆಯವರ ದೂರು ಒಂದೇ ಸಾಲಿನದು: "ಒಂದು ಸೂಚನೆಯೂ ಕೊಡದೆ ಕಚ್ಚಿಬಿಟ್ಟಿತು."

ನಾಯಿಯ ಹೆಸರು ಚುಕ್ಕಿ. ಹೆಣ್ಣು, ಮಿಶ್ರ ತಳಿ, ಮೂರು ವರ್ಷ, ತೂಕ 18 ಕಿಲೋ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಒಂದೂವರೆ ವರ್ಷದ್ದಿರುವಾಗ ನಾಯಿಗಳ ಆಶ್ರಯಧಾಮದಿಂದ ಈ ಮನೆಗೆ ಬಂದದ್ದು. ಮನೆಯಲ್ಲಿ ಅಪ್ಪ, ಅಮ್ಮ, ಹನ್ನೊಂದು ವರ್ಷದ ಮಗಳು, ಅಜ್ಜಿ. ಸೋಫಾದ ಕೆಳಗೆ ಕದ್ದೊಯ್ದಿದ್ದ ಕಾಲುಚೀಲವನ್ನು ಎಳೆದುಕೊಳ್ಳಲು ಅಪ್ಪ ಕೈ ಚಾಚಿದಾಗ ಅವರ ಬಲಗೈಗೆ ಬಾಯಿ ಹಾಕಿತ್ತು. ಹಲ್ಲಿನ ಗುರುತು ಕೆಂಪಗೆ ಮೂಡಿತ್ತು, ಒಂದು ಕಡೆ ತರಚಿತ್ತು, ಆದರೆ ಹಲ್ಲು ಇಳಿದಿರಲಿಲ್ಲ. ಪಶುವೈದ್ಯ ಇಯಾನ್ ಡನ್‌ಬಾರ್ ರೂಪಿಸಿದ ಆರು ಹಂತಗಳ ಕಡಿತದ ಅಳತೆಯಲ್ಲಿ ಇದು ಎರಡನೆಯ ಹಂತ: ಹಲ್ಲು ತಾಗಿದೆ, ಚರ್ಮ ತೂತಾಗಿಲ್ಲ. 18 ಕಿಲೋ ನಾಯಿಯ ದವಡೆಗೆ ಅಂಗೈ ತೂತು ಮಾಡುವುದು ದೊಡ್ಡ ಕೆಲಸವಲ್ಲ. ಮಾಡಲಿಲ್ಲವೆಂದರೆ ಚುಕ್ಕಿ ತನ್ನ ಬಲವನ್ನು ತಡೆಹಿಡಿದಿತ್ತು ಎಂದು ಅರ್ಥ, ಇಂಥ ಪ್ರಕರಣದಲ್ಲಿ ಅದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ತರಚಿದ ಗಾಯವೇ ಆದರೂ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರಿಗೆ ತೋರಿಸಲೇಬೇಕು. ಮನೆಯ ನಾಯಿ, ಲಸಿಕೆ ಆಗಿದೆ ಎಂದು ಬಿಡುವ ಹಾಗಿಲ್ಲ. ಅಪ್ಪ ತೋರಿಸಿಕೊಂಡಿದ್ದರು.

ಸೂಚನೆ ಇರಲಿಲ್ಲವೇ?

ಒಂದೂವರೆ ವರ್ಷದ ಇತಿಹಾಸವನ್ನು ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿ ಕೇಳಿದಾಗ ಕಥೆ ಬದಲಾಯಿತು. ಬಂದ ಮೊದಲ ವಾರದಲ್ಲೇ ಚುಕ್ಕಿ ಯಾರಾದರೂ ಹತ್ತಿರ ಬಂದರೆ ಊಟವನ್ನು ಗಬಗಬನೆ ನುಂಗುತ್ತಿತ್ತು. "ಹಸಿವು ಜಾಸ್ತಿ" ಎಂದುಕೊಂಡರು. ಎರಡನೇ ತಿಂಗಳಿಗೆ ತಲೆಯನ್ನು ಬಟ್ಟಲಿನೊಳಗೆ ಇಟ್ಟುಕೊಂಡೇ ಮೈ ಸೆಟೆದು ನಿಲ್ಲುತ್ತಿತ್ತು, ಕಣ್ಣಿನ ಬಿಳಿ ಓರೆಯಾಗಿ ಕಾಣುತ್ತಿತ್ತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮೂರನೇ ತಿಂಗಳು ಗುರುಗುಟ್ಟಿತು. ಈಗ ಎಲ್ಲರಿಗೂ ಕೇಳಿಸಿತು.

ಅಪ್ಪನಿಗೆ ಪರಿಚಯದವರೊಬ್ಬರು ಉಪಾಯ ಹೇಳಿಕೊಟ್ಟರು: ಯಜಮಾನ ಯಾರೆಂದು ಅದಕ್ಕೆ ತಿಳಿಯಬೇಕು, ದಿನಾ ಊಟದ ನಡುವೆ ಬಟ್ಟಲು ಎತ್ತಿಕೊಳ್ಳಿ, ಗುರ್ ಎಂದರೆ ಮೂತಿಗೆ ಒಂದು ಕೊಡಿ. ಸುಮಾರು ಒಂದು ತಿಂಗಳು ಹಾಗೆಯೇ ನಡೆಯಿತು. ಗುರುಗುಟ್ಟುವುದು ನಿಂತಿತು, ನಾಯಿ "ಸರಿಹೋಯಿತು".

ಸರಿಹೋಗಿರಲಿಲ್ಲ. ನಾಯಿಯ ಭಾಷೆಯಲ್ಲಿ ಮೆಟ್ಟಿಲುಗಳಿವೆ: ತಿನ್ನುವ ವೇಗ ಹೆಚ್ಚಿಸುವುದು, ಬಟ್ಟಲಿನ ಮೇಲೆ ಮೈ ಚಾಚುವುದು, ಸೆಟೆದು ನಿಲ್ಲುವುದು, ತುಟಿ ಎತ್ತುವುದು, ಗುರುಗುಟ್ಟುವುದು, ಗಾಳಿಯಲ್ಲಿ ಬಾಯಿ ಹಾಕುವುದು, ಕಚ್ಚುವುದು. ಎಲ್ಲ ನಾಯಿಗಳೂ ಎಲ್ಲ ಮೆಟ್ಟಿಲನ್ನೂ ಹತ್ತುವುದಿಲ್ಲ, ಕ್ರಮವೂ ಸದಾ ಇದೇ ಅಲ್ಲ. ಆದರೆ ಮೆಲ್ಲಗಿನ ಮಾತು ಯಾರ ಕಿವಿಗೂ ಬೀಳದೆ, ಜೋರಾದ ಮಾತಿಗೆ ಪೆಟ್ಟು ಬಿದ್ದರೆ, ನಾಯಿ ಆ ಮೆಟ್ಟಿಲುಗಳನ್ನು ಬಿಟ್ಟು ನೇರವಾಗಿ ಮೇಲಕ್ಕೆ ಹಾರುವುದನ್ನು ಕಲಿಯುತ್ತದೆ. ಬಟ್ಟಲು ಹೋಗಿಬಿಡುತ್ತದೆ ಎಂಬ ಭಯ ಹಾಗೆಯೇ ಉಳಿದಿದೆ, ಅದನ್ನು ಹೇಳಿಕೊಳ್ಳುವ ದಾರಿ ಮಾತ್ರ ಮುಚ್ಚಿದೆ. ಹೇಳಬೇಕೆಂದರೆ ಬಟ್ಟಲು ಎತ್ತಿ ಎತ್ತಿ ಅಪ್ಪ ಕಲಿಸಿದ್ದು ಒಂದೇ ಪಾಠ: ಈ ಮನುಷ್ಯ ಹತ್ತಿರ ಬಂದರೆ ಊಟ ಹೋಗುತ್ತದೆ.

ಇಂಥ ಹಣಾಹಣಿಯ ವಿಧಾನಗಳು ಏನು ಮಾಡುತ್ತವೆ ಎಂಬುದಕ್ಕೆ ಅಂಕಿಅಂಶವೂ ಇದೆ. 2009ರಲ್ಲಿ ಮೇಗನ್ ಹೆರಾನ್ ಮತ್ತು ಸಂಗಡಿಗರು ಪ್ರಕಟಿಸಿದ ಸಮೀಕ್ಷೆಯಲ್ಲಿ, ನಾಯಿಯ ಬಾಯಿಂದ ವಸ್ತುವನ್ನು ಬಲವಂತವಾಗಿ ಬಿಡಿಸಲು ನೋಡಿದವರಲ್ಲಿ ಶೇ. 39 ಮಂದಿಗೆ ನಾಯಿ ತಿರುಗಿಬಿದ್ದಿತ್ತು. ಹೊಡೆದವರು, ಒದ್ದವರ ಪೈಕಿ ಶೇ. 43 ಮಂದಿಗೆ. 2018ರಲ್ಲಿ ಕೆನಡಾದ ಸಂಶೋಧಕರು ಪ್ರಕಟಿಸಿದ ಇನ್ನೊಂದು ಸಮೀಕ್ಷೆಯಲ್ಲಿ ಊಟದ ನಡುವೆ ಬಟ್ಟಲು ತೆಗೆಯುವ ಮನೆಗಳಲ್ಲಿ ಬಟ್ಟಲನ್ನು ಯಾರೂ ಮುಟ್ಟದಂತೆ ಕಾಯುವ ವರ್ತನೆ ಹೆಚ್ಚು ಕಂಡಿತು, ಊಟದ ನಡುವೆ ಬಟ್ಟಲಿಗೆ ರುಚಿಯಾದ ತುಣುಕು ಸೇರಿಸುವ ಮನೆಗಳಲ್ಲಿ ಕಡಿಮೆ. ಸಮೀಕ್ಷೆ ಕಾರಣವನ್ನು ಸಾಬೀತು ಮಾಡುವುದಿಲ್ಲ, ನಿಜ. ಆದರೂ ಚುಕ್ಕಿಯ ಮನೆಯ ಕಥೆ ಅದರ ಪಕ್ಕದಲ್ಲಿ ಚೆನ್ನಾಗಿಯೇ ಕೂರುತ್ತದೆ.

ಅಜ್ಜಿಯ ಸುಳಿವು

ಮನೆಯಲ್ಲಿ ಒಬ್ಬರ ಮೇಲೆ ಮಾತ್ರ ಚುಕ್ಕಿ ಒಮ್ಮೆಯೂ ಗುರುಗುಟ್ಟಿಲ್ಲ: ಅಜ್ಜಿ. ಊಟ ಮಾಡುವ ಚುಕ್ಕಿಯ ಪಕ್ಕದಲ್ಲೇ ಕೋಲೂರಿಕೊಂಡು ಹಾದುಹೋಗುತ್ತಾರೆ, ಬಾಲ ಅಲ್ಲಾಡುತ್ತದೆ. "ಯಜಮಾನಿಕೆ"ಯ ಲೆಕ್ಕ ನಿಜವಾಗಿದ್ದರೆ ಮನೆಯಲ್ಲಿ ಎಲ್ಲರಿಗಿಂತ ಬಲ ಕಡಿಮೆ ಇರುವ ಅವರ ಮೇಲೆಯೇ ಚುಕ್ಕಿ ಮೊದಲು ದರ್ಪ ತೋರಿಸಬೇಕಿತ್ತು. ಅಜ್ಜಿ ಒಂದು ದಿನವೂ ಬಟ್ಟಲು ಮುಟ್ಟಿದವರಲ್ಲ. ತಮ್ಮ ತಟ್ಟೆಯಲ್ಲಿ ಉಳಿದದ್ದನ್ನು ಬಗ್ಗಿ ಅದರ ಬಟ್ಟಲಿಗೆ ಹಾಕಿ ಹೋಗುವ ಅಭ್ಯಾಸ ಅವರದು. ಯಾವ ಪುಸ್ತಕವನ್ನೂ ಓದದೆ ಅವರು ಚಿಕಿತ್ಸೆಯನ್ನೇ ನಡೆಸುತ್ತಿದ್ದರು.

ಯಜಮಾನಿಕೆಯ ಕಲ್ಪನೆ ಎಲ್ಲಿಂದ ಬಂತು ಎನ್ನುವುದನ್ನೂ ಅಪ್ಪನಿಗೆ ವಿವರಿಸಬೇಕಾಯಿತು, ಏಕೆಂದರೆ ಅದನ್ನು ಬಿಡದೆ ಮುಂದಿನ ಕೆಲಸ ಆಗುವಂತಿರಲಿಲ್ಲ. ಅದರ ಮೂಲದಲ್ಲಿರುವ ಸಂಶೋಧಕ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದದ್ದು ಪಂಜರದಲ್ಲಿ ಕೂಡಿಹಾಕಿದ ತೋಳಗಳ ಬಗ್ಗೆ. ಕಾಡಿನ ತೋಳಗಳನ್ನು ಹತ್ತಿರದಿಂದ ನೋಡಿದ ಡೇವಿಡ್ ಮೆಕ್, ಸಾಮಾನ್ಯವಾಗಿ ತೋಳದ ಗುಂಪೆಂದರೆ ಅಪ್ಪ, ಅಮ್ಮ, ಮರಿಗಳ ಸಂಸಾರ ಎಂದು 1999ರಲ್ಲಿ ಬರೆದರು. ಆ ಮೊದಲು ಗುಂಪಿನ ಯಜಮಾನ ಎಂಬರ್ಥದ "ಆಲ್ಫಾ" ಪದವನ್ನು ಜನಪ್ರಿಯಗೊಳಿಸಿದವರಲ್ಲಿ ಅವರೂ ಒಬ್ಬರು. ತೋಳದ ವಿಷಯದಲ್ಲೇ ಸರಿಹೊಂದದ ಸಿದ್ಧಾಂತವನ್ನು ನಾಯಿಯ ಬಟ್ಟಲಿಗೆ ತಂದು ಕೂರಿಸುವುದರಲ್ಲಿ ಅರ್ಥವಿಲ್ಲ.

ಮೊದಲು ಬಾಯಿ ತೆರೆಸಿ ನೋಡಿದ್ದು

ತರಬೇತಿ ಶುರುವಾಗುವ ಮುನ್ನ ಪಶುವೈದ್ಯರ ತಪಾಸಣೆ. ಇದನ್ನು ಬಿಟ್ಟು ಮುಂದೆ ಹೋಗುವ ತರಬೇತುದಾರರ ಮೇಲೆ ನಂಬಿಕೆ ಇಡಬೇಡಿ. ಚುಕ್ಕಿಯ ಮೇಲ್ದವಡೆಯ ದೊಡ್ಡ ಕತ್ತರಿಹಲ್ಲು, ಎಂದರೆ ನಾಲ್ಕನೆಯ ಮುಂದವಡೆ ಹಲ್ಲು, ಸೀಳಿತ್ತು. ಗಟ್ಟಿ ಮೂಳೆ ಕಡಿಯುವ ನಾಯಿಗಳಲ್ಲಿ ಇದು ಅಪರೂಪವಲ್ಲ. ಹಲ್ಲು ಕೀಳಿಸಿ, ಎರಡು ವಾರ ಮೆತ್ತಗಿನ ಊಟ ಕೊಟ್ಟದ್ದಾಯಿತು. ನೋವು ಹೋದ ಮೇಲೆ ಸೆಟೆಯುವುದು ಸ್ವಲ್ಪ ಕಡಿಮೆಯಾಯಿತು, ನಿಲ್ಲಲಿಲ್ಲ. ನೋವು ಬೆಂಕಿಗೆ ತುಪ್ಪ ಸುರಿದಿತ್ತೇ ಹೊರತು ಬೆಂಕಿ ಹಚ್ಚಿದ್ದು ಅದಲ್ಲ.

ಆಮೇಲೆ ಅಳತೆ. ಕೃತಕ ಕೈಯನ್ನು ಬಟ್ಟಲಿಗೆ ತೂರಿಸಿ ನಾಯಿಯನ್ನು ಕೆಣಕಿ ನೋಡುವ ಪರೀಕ್ಷೆ ಮಾಡಲಿಲ್ಲ, ಅದು ಕಚ್ಚುವುದಕ್ಕೆ ಇನ್ನೊಂದು ಅಭ್ಯಾಸ ಕೊಟ್ಟಂತೆ. ಕಪಾಟಿನ ಮೇಲೆ ಹಳೆಯ ಮೊಬೈಲ್ ಇಟ್ಟು ನಾಲ್ಕು ದಿನದ ಊಟಗಳನ್ನು ಚಿತ್ರೀಕರಿಸಿ, ನೆಲಕ್ಕೆ ಒಂದೊಂದು ಅಡಿಗೆ ಅಂಟುಪಟ್ಟಿ ಹಚ್ಚಿ, ಅಪ್ಪ ದೂರದಲ್ಲಿ ಅಡ್ಡಹಾಯ್ದಾಗ ಏನಾಗುತ್ತದೆಂದು ನೋಡಲಾಯಿತು. 10 ಅಡಿಯಲ್ಲಿ ಏನೂ ಇಲ್ಲ. 7 ಅಡಿಯಲ್ಲಿ ಕಿವಿ ಹಿಂದಕ್ಕೆ, ನುಂಗುವ ವೇಗ ಹೆಚ್ಚು. 5 ಅಡಿಯಲ್ಲಿ ಮೈ ಮರಗಟ್ಟಿತು. ಅದಕ್ಕಿಂತ ಹತ್ತಿರ ಹೋಗಲು ಬಿಡಲಿಲ್ಲ, ಬೇಕಾದದ್ದು ತಿಳಿದಿತ್ತು. ಅಮ್ಮನಿಗೆ ಇದೇ ಅಂತರ 4 ಅಡಿ. ಪ್ರತಿ ವ್ಯಕ್ತಿಗೂ ಅಂತರ ಬೇರೆ, ಪ್ರತಿ ವಸ್ತುವಿಗೂ ಬೇರೆ. ಒಣ ಆಹಾರಕ್ಕೆ 5 ಅಡಿ ಎಂದಾದರೆ ಮೂಳೆಗೆ ಕೋಣೆಯೇ ಸಾಲದು.

ಕಲಿಸುವ ಮೊದಲು ತಪ್ಪಿಸುವುದು

ಮೊದಲ ಎರಡು ವಾರ ಯಾರೂ ಏನೂ ಕಲಿಸಲಿಲ್ಲ. ಗುರಿ ಒಂದೇ: ಚುಕ್ಕಿ ಏನನ್ನೂ ಕಾಯಬೇಕಾದ ಸಂದರ್ಭವೇ ಬರಬಾರದು. ಊಟ ಬೇರೆ ಕೋಣೆಯಲ್ಲಿ, ಬಾಗಿಲಿಗೆ ಅಡ್ಡಗೇಟು. ಬಟ್ಟಲು ಮೊದಲು ಗೋಡೆಯ ಮೂಲೆಯಲ್ಲಿತ್ತು. ಅಲ್ಲಿ ತಿನ್ನುವ ನಾಯಿಗೆ ಹಿಂದಕ್ಕೆ ಹೋಗಲು ದಾರಿಯಿಲ್ಲ, ಬರುವವರು ಕಾಣುವುದೂ ಇಲ್ಲ. ಅದನ್ನು ಕೋಣೆಯ ನಡುವಿಗೆ ತಂದದ್ದಕ್ಕೇ ಮೈ ಬಿಗಿ ಒಂದಿಷ್ಟು ಸಡಿಲಿತು. ಕೊಳೆ ಬಟ್ಟೆಗೆ ಮುಚ್ಚಳದ ಬುಟ್ಟಿ. ಸೋಫಾದ ಕೆಳಗಿನ ಸಂದಿಗೆ ಹಲಗೆ. ಮೂಳೆ ಸಂಪೂರ್ಣ ಬಂದ್.

ತಪ್ಪಿಸಲಾಗದೆ ಏನಾದರೂ ಬಾಯಿಗೆ ಸಿಕ್ಕರೆ? ಕಾಲುಚೀಲವೋ ಕಾಗದವೋ ಆಗಿ, ನುಂಗುವ ಲಕ್ಷಣ ಇಲ್ಲದಿದ್ದರೆ ನೋಡದವರಂತೆ ಬಿಟ್ಟುಬಿಡುವುದು. ಅಪಾಯದ ವಸ್ತುವಾದರೆ ನಾಯಿಯ ಕಡೆ ಹೋಗದೆ, ಅಡುಗೆಮನೆಯಿಂದ ಒಂದು ಹಿಡಿ ಒಳ್ಳೆಯ ತಿನಿಸು ತಂದು 15-20 ತುಣುಕನ್ನು ದೂರದಲ್ಲಿ ಚೆಲ್ಲುವುದು, ಅದು ಎದ್ದು ಹೋದ ಮೇಲೆ ಇನ್ನೊಂದು ಹಿಡಿ ಪಕ್ಕದ ಕೋಣೆಯಲ್ಲಿ ಚೆಲ್ಲಿ ಬಾಗಿಲು ಮುಚ್ಚಿ, ಆಮೇಲೆ ವಸ್ತು ಎತ್ತುವುದು. ನಾಯಿ ನೋಡುತ್ತಿರುವಾಗ ಎತ್ತಿದರೆ ಮುಂದಿನ ಸಲ ಅದು ತಿನಿಸಿನ ಕಡೆ ಹೊರಡುವುದೇ ಇಲ್ಲ.

ಅಭ್ಯಾಸದ ಲೆಕ್ಕ

18 ಕಿಲೋ ತೂಕದ, ಸಂತಾನಹರಣ ಆದ ನಾಯಿಗೆ ದಿನಕ್ಕೆ ಸುಮಾರು 980 ಕಿಲೋಕ್ಯಾಲರಿ ಬೇಕು. ತರಬೇತಿಯ ತಿನಿಸು ಅದರ ಹತ್ತನೇ ಒಂದು ಪಾಲು ಮೀರಬಾರದು. ಬೇಯಿಸಿದ, ಚರ್ಮವಿಲ್ಲದ ಕೋಳಿಯ ಎದೆಮಾಂಸ 60 ಗ್ರಾಂ ಎಂದರೆ ಹೆಚ್ಚುಕಡಿಮೆ ಅಷ್ಟೇ. ಬಟಾಣಿ ಗಾತ್ರಕ್ಕೆ, ಒಂದೊಂದು ಗ್ರಾಂ ಬರುವಂತೆ ಹೆಚ್ಚಿದರೆ ದಿನಕ್ಕೆ 60 ತುಣುಕು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೋಕಿಸಬಾರದು. ಅಷ್ಟಕ್ಕೆ ಸರಿಯಾಗಿ ಒಣ ಆಹಾರವನ್ನು 280 ಗ್ರಾಂನಿಂದ 250ಕ್ಕೆ ಇಳಿಸಲಾಯಿತು. ಈ ಇಳಿಕೆಯನ್ನು ಮರೆತ ಮನೆಗಳಲ್ಲಿ ಮೂರು ತಿಂಗಳಿಗೆ ನಾಯಿ ದಪ್ಪಗಾಗಿ, ತರಬೇತಿಗೆ ಕೆಟ್ಟ ಹೆಸರು ಬರುತ್ತದೆ.

ಅಭ್ಯಾಸ ಹೀಗೆ. ಬಟ್ಟಲಿಗೆ ಒಣ ಆಹಾರ ಹಾಕಿ ಚುಕ್ಕಿ ತಿನ್ನಲು ತೊಡಗಿದ ಮೇಲೆ ಅಪ್ಪ 10 ಅಡಿ ದೂರದಲ್ಲಿ ಕಾಣಿಸಿಕೊಂಡು, ಒಂದು ಕ್ಷಣ ನಿಂತು, ಒಂದು ತುಣುಕು ಕೋಳಿಯನ್ನು ಬಟ್ಟಲಿನ ಪಕ್ಕಕ್ಕೆ ಎಸೆದು, ಹೊರಟುಹೋಗುವುದು. ಹತ್ತು ಸಲ. ದಿನಕ್ಕೆ ಎರಡು ಊಟ, ಅಂದರೆ 20 ಸಲ. ಅಮ್ಮನದು ಬೇರೆ ದಿನ. ಮಾತಿಲ್ಲ, ಕರೆಯುವುದಿಲ್ಲ, ಕಣ್ಣಿಗೆ ಕಣ್ಣು ಕೊಟ್ಟು ನೋಡುವುದಿಲ್ಲ. ಇಲ್ಲಿ ನಾಯಿ ಏನನ್ನೂ "ಮಾಡಬೇಕಾಗಿಲ್ಲ". ವಿಜ್ಞಾನಿ ಪಾವ್ಲೊವ್‌ನ ಪ್ರಯೋಗದ ನಾಯಿಗೆ ಸದ್ದು ಊಟದ ಮುನ್ಸೂಚನೆ ಆದ ಹಾಗೆ, ಚುಕ್ಕಿಗೆ ಅಪ್ಪನ ಹೆಜ್ಜೆ ಕೋಳಿಯ ಮುನ್ಸೂಚನೆ ಆಗಬೇಕು. ಆದ್ದರಿಂದ ಕ್ರಮ ತಪ್ಪುವಂತಿಲ್ಲ: ಮೊದಲು ಹೆಜ್ಜೆ, ಆಮೇಲೆ ಕೋಳಿ. ಅಪ್ಪ ಮೊದಲ ಎರಡು ದಿನ ಕೋಳಿಯ ಡಬ್ಬಿಯನ್ನು ಕಟಕಟ ತೆರೆದು ಆಮೇಲೆ ಕೋಣೆಗೆ ಬರುತ್ತಿದ್ದರು. ಚುಕ್ಕಿ ಕಲಿಯುತ್ತಿದ್ದದ್ದು ಡಬ್ಬಿಯ ಸದ್ದನ್ನು, ಅಪ್ಪನನ್ನಲ್ಲ. ತುಣುಕುಗಳನ್ನು ಮೊದಲೇ ಸೊಂಟದ ಚೀಲಕ್ಕೆ ಹಾಕಿಟ್ಟುಕೊಂಡ ಮೇಲೆ ಅದು ಸರಿಹೋಯಿತು.

ಎಸೆಯುವುದಕ್ಕೂ ಅಭ್ಯಾಸ ಬೇಕು. ಮೂತಿಗೆ ತಗುಲಿದರೆ ನಾಯಿ ಬೆಚ್ಚುತ್ತದೆ, ಬಟ್ಟಲಿನ ಆಚೆಗೆ ಬಿದ್ದರೆ ಊಟ ಬಿಟ್ಟು ಹೋಗಲಾರದೆ ಇಬ್ಬಂದಿಗೆ ಸಿಲುಕುತ್ತದೆ. ಕೈಯನ್ನು ತೊಡೆಯ ಮಟ್ಟಕ್ಕಿಟ್ಟು ಕೆಳಗಿನಿಂದ ಮೆಲ್ಲಗೆ ಎಸೆಯುವುದನ್ನು ನಾಯಿಯಿಲ್ಲದ ಕೋಣೆಯಲ್ಲಿ, ನೆಲದ ಒಂದು ಟೈಲ್ ಗುರಿಯಾಗಿಟ್ಟುಕೊಂಡು ಅಪ್ಪ, ಅಮ್ಮ ಇಬ್ಬರೂ ಕಲಿತರು.

ಯಾವಾಗ ಹತ್ತಿರ ಹೋಗುವುದು? ಹತ್ತರಲ್ಲಿ ಎಂಟು ಸಲ, ತುಣುಕು ಕೈಬಿಡುವ ಮೊದಲೇ, ಚುಕ್ಕಿ ಬಟ್ಟಲಿಂದ ತಲೆಯೆತ್ತಿ ಸಡಿಲ ಮೈಯಲ್ಲಿ ಅಪ್ಪನ ಕಡೆ ನೋಡಿದರೆ ಮುಂದಿನ ಊಟಕ್ಕೆ ಅರ್ಧ ಅಡಿ ಹತ್ತಿರ. ಮೈ ಬಿಗಿದರೆ ಒಂದು ಅಡಿ ಹಿಂದಕ್ಕೆ. ಗುರುಗುಟ್ಟಿದರೆ ಗದರದೆ, ಎಸೆಯದೆ, ಸುಮ್ಮನೆ ಹಿಂದೆ ಸರಿದು, ನಾವೇ ಅವಸರಪಟ್ಟೆವು ಎಂದು ಬರೆದಿಟ್ಟುಕೊಳ್ಳುವುದು. "ಹಿಂದೆ ಸರಿದರೆ ಅದು ಗೆದ್ದ ಹಾಗಲ್ಲವೇ" ಎಂಬ ಪ್ರಶ್ನೆ ಬಂದೇ ಬರುತ್ತದೆ. ಗುರುಗುಟ್ಟಿದ್ದಕ್ಕೆ ದೂರ ಸಿಗುತ್ತದೆ ಎಂದು ಚುಕ್ಕಿ ಕಲಿಯಬಹುದು, ಹೌದು. ಗುರುಗುಟ್ಟಿದರೆ ಪ್ರಯೋಜನವಿಲ್ಲ, ಕಚ್ಚಿದರೆ ಮಾತ್ರ ದೂರ ಸಿಗುತ್ತದೆ ಎಂದು ಕಲಿಯುವುದಕ್ಕಿಂತ ಅದು ಎಷ್ಟೋ ವಾಸಿ. ನಿಜವಾಗಿ, ನಾಲ್ಕನೇ ವಾರ ಚುಕ್ಕಿ ಒಂದು ವರ್ಷದ ನಂತರ ಮತ್ತೆ ಗುರ್ ಎಂದಾಗ ಮನೆಯವರು ಗಾಬರಿಯಿಂದ ಫೋನ್ ಮಾಡಿದರು. ದಾಖಲೆಯಲ್ಲಿ ಅದನ್ನು ಪ್ರಗತಿ ಎಂದೇ ಬರೆಯಲಾಯಿತು.

ದಾಖಲೆ ಬರೆಯುವ ಕೆಲಸ ಮಗಳದು, ಗೇಟಿನ ಆಚೆಯಿಂದ. ಬಟ್ಟಲಿನ ಅಭ್ಯಾಸದಲ್ಲಿ ಮಕ್ಕಳಿಗೆ ಪಾಲಿಲ್ಲ.

ಐದನೇ ವಾರದ ತಪ್ಪು

ಅಪ್ಪ 3 ಅಡಿಗೆ ಬಂದಿದ್ದರು. ಒಂದು ಸಂಜೆ ಒಣ ಆಹಾರ ಮುಗಿದಿತ್ತೆಂದು ಬಟ್ಟಲಿಗೆ ಮಾಂಸದ ಊಟ ಬಿತ್ತು. ಅಪ್ಪ ಹೊರಗಿನಿಂದ ಬಂದವರು ಬೂಟು ಬಿಚ್ಚದೆ, ನೆಟ್ಟಗೆ ನಡೆದುಬಂದು, ಎಸೆಯುವ ಬದಲು ಬಗ್ಗಿ ಹಾಕಲು ಹೋದರು. ಚುಕ್ಕಿ ಗಾಳಿಯಲ್ಲಿ ಬಾಯಿ ಹಾಕಿತು. ಕೈಗೆ ತಾಗಲಿಲ್ಲ.

ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡಿದರೆ ಒಂದೇ ಹೊತ್ತಿಗೆ ನಾಲ್ಕು ಬದಲಾವಣೆ: ಊಟದ ಬೆಲೆ ಏರಿದೆ, ಹೆಜ್ಜೆಯ ಸದ್ದು ಬೇರೆ, ಬರುವ ದಿಕ್ಕು ನೇರ, ಮೈ ಬಗ್ಗಿದೆ. ಇವುಗಳಲ್ಲಿ ಒಂದೊಂದಕ್ಕೂ ಬೇರೆಯಾಗಿ ಅಭ್ಯಾಸ ಬೇಕಿತ್ತು. ಒಂದನ್ನು ಕಷ್ಟ ಮಾಡುವಾಗ ಉಳಿದವನ್ನು ಸುಲಭ ಮಾಡುವುದು ಈ ಕೆಲಸದ ಮುಖ್ಯ ನಿಯಮ, ಎಲ್ಲರೂ ಮುರಿಯುವ ನಿಯಮವೂ ಅದೇ. ಚೆನ್ನಾಗಿ ನಡೆಯುತ್ತಿದೆ ಎನ್ನಿಸಿದ ವಾರದಲ್ಲೇ ಮುರಿಯುತ್ತಾರೆ.

ಎರಡು ದಿನ ಬಿಡುವು ಕೊಟ್ಟು, 6 ಅಡಿಯಿಂದ ಮತ್ತೆ ಆರಂಭ. ಈ ಸಲ ಬಗ್ಗುವುದಕ್ಕೆ ಬೇರೆ ಮೆಟ್ಟಿಲು: 6 ಅಡಿಯಲ್ಲಿ ನಿಂತು ಮೊಣಕಾಲು ಸ್ವಲ್ಪ ಮಡಚಿ, ಎಸೆದು, ಹೋಗುವುದು. ಆಮೇಲೆ ಸೊಂಟ ಬಗ್ಗಿಸುವುದು. ಆಮೇಲೆ ಕೈ ಚಾಚುವುದು. ಬೂಟಿಗೂ ಮೂರು ದಿನ ಕೊಟ್ಟರು. ಹನ್ನೊಂದನೇ ವಾರಕ್ಕೆ ಅಪ್ಪ ಬಟ್ಟಲಿನ ಪಕ್ಕ ನಿಂತು ಕೈಯಿಂದಲೇ ಕೋಳಿ ಹಾಕುವ ಹಂತ ಬಂತು, ಅಮ್ಮ ಒಂಬತ್ತನೇ ವಾರಕ್ಕೇ ತಲುಪಿದ್ದರು. ಖಾಲಿಯಾದ ಬಟ್ಟಲನ್ನು ಎತ್ತಿ, ಐದು ತುಣುಕು ಹಾಕಿ, ಹಿಂದಿರುಗಿಸುವ ಅಭ್ಯಾಸ ಹದಿಮೂರನೇ ವಾರ, ವಾರಕ್ಕೊಮ್ಮೆ ಮಾತ್ರ. ದಿನಾ ಎತ್ತಿ "ಸರಿಯಾಗಿದೆಯೇ" ಎಂದು ಪರೀಕ್ಷಿಸಿದರೆ ಹಳೆಯ ಪಾಠವೇ ಮರಳುತ್ತದೆ.

"ಬಿಡು" ಎಂಬ ಮಾತು

ಕದ್ದ ವಸ್ತುಗಳಿಗೆ ಇನ್ನೊಂದು ದಾರಿ. ಮೊದಲಿಗೆ ಬಾಯಲ್ಲಿ ಏನೂ ಇಲ್ಲದಿರುವಾಗ "ಬಿಡು" ಎಂದು, ಒಂದು ಸೆಕೆಂಡು ಬಿಟ್ಟು, ಮೂರು ತುಣುಕು ನೆಲಕ್ಕೆ ಚೆಲ್ಲುವುದು. ದಿನಕ್ಕೆ ಐದು ಸಲದಂತೆ ನಾಲ್ಕು ದಿನ. ಮಾತು ಕೇಳಿದ್ದೇ ಚುಕ್ಕಿ ನೆಲ ಮೂಸಲು ತೊಡಗಿದ ಮೇಲೆ, ಅದಕ್ಕೆ ಅಷ್ಟೇನೂ ಆಸೆಯಿಲ್ಲದ ಆಟಿಕೆಯೊಂದಿಗೆ. ತಿನ್ನಲು ಬಾಯಿ ತೆರೆಯಲೇಬೇಕಲ್ಲ, ಆಟಿಕೆ ಬೀಳುತ್ತದೆ. ಅದು ತಿನ್ನುತ್ತಿರುವಾಗ ಆಟಿಕೆ ಎತ್ತಿ, ಮುಗಿಸಿದ ಕೂಡಲೇ ಹಿಂದಿರುಗಿಸುವುದು. ಹತ್ತರಲ್ಲಿ ಒಂಬತ್ತು ಸಲ ಹಿಂದಿರುಗಿಸಿದರೆ ಬಿಡುವುದೆಂದರೆ ಕಳೆದುಕೊಳ್ಳುವುದಲ್ಲ ಎಂದು ಅದಕ್ಕೆ ಮನದಟ್ಟಾಗುತ್ತದೆ. ಆಟಿಕೆಯಿಂದ ಹಗ್ಗ, ಹಗ್ಗದಿಂದ ರಟ್ಟು, ಕೊನೆಗೆ ಕಾಲುಚೀಲ.

ಅಮ್ಮ ಇಲ್ಲಿ ತಿನಿಸನ್ನು ಮೊದಲು ತೋರಿಸಿ ಆಮೇಲೆ "ಬಿಡು" ಎನ್ನುತ್ತಿದ್ದರು. ಹಾಗೆ ಮಾಡಿದರೆ ನಾಯಿ ಚೌಕಾಸಿಗೆ ಇಳಿಯುತ್ತದೆ: ಏನು ಕೊಡುತ್ತೀರಿ ನೋಡೋಣ, ಆಮೇಲೆ ಹೇಳುತ್ತೇನೆ. ಮಾತು ಮೊದಲು, ಕೈ ಚೀಲಕ್ಕೆ ಹೋಗುವುದು ಆಮೇಲೆ.

ಎಂಟನೇ ವಾರಕ್ಕೆ ಹೊಸ ತಲೆನೋವು: ಚುಕ್ಕಿ ಹುಡುಕಿ ಹುಡುಕಿ ಕಾಲುಚೀಲ ತಂದು ಎದುರಿಗೆ ನಿಲ್ಲತೊಡಗಿತು. ಮನೆಯವರಿಗೆ ಇದು ಮೋಸ ಅನ್ನಿಸಿತು. ಮೂಲೆಯಲ್ಲಿ ಅಡಗಿಸಿಟ್ಟುಕೊಂಡು ಕಚ್ಚುವ ನಾಯಿ ಈಗ ತಾನಾಗಿ ತಂದು ಒಪ್ಪಿಸುತ್ತಿದೆ, ಬಾಲ ಅಲ್ಲಾಡಿಸುತ್ತ. ಇದನ್ನು ತಿದ್ದುವುದು ಕಷ್ಟವೂ ಅಲ್ಲ. ಬುಟ್ಟಿಯ ಮುಚ್ಚಳ ಮರೆಯದಿರುವುದು, ತನ್ನದೇ ಆಟಿಕೆ ತಂದಾಗ ಮೂರು ತುಣುಕು ಕೊಡುವುದು, ಕಾಲುಚೀಲಕ್ಕೆ ಒಂದೇ. ಎರಡು ವಾರದಲ್ಲಿ ಚುಕ್ಕಿ ಲೆಕ್ಕ ಕಲಿತು ಆಟಿಕೆಗೆ ತಿರುಗಿತು.

ಆರು ತಿಂಗಳ ನಂತರ

ಒಣ ಆಹಾರದ ಬಟ್ಟಲಿನ ಪಕ್ಕ ಮನೆಯ ಮೂವರು ದೊಡ್ಡವರೂ ಓಡಾಡಬಹುದು. ವಾರಕ್ಕೆ ಎರಡು ಊಟದಲ್ಲಿ ಹಾದುಹೋಗುವಾಗ ಒಂದು ತುಣುಕು ಬೀಳುತ್ತದೆ, ಇದನ್ನು ನಿಲ್ಲಿಸುವಂತಿಲ್ಲ. "ಬಿಡು" ಕಾಲುಚೀಲಕ್ಕೂ ಕಾಗದಕ್ಕೂ ಕೆಲಸ ಮಾಡುತ್ತದೆ. ಕಸದ ಡಬ್ಬಿಯಿಂದ ಎಳೆದ ಕೋಳಿ ಮೂಳೆಗೆ ಒಮ್ಮೆ ಮಾಡಲಿಲ್ಲ. ಆಗ ಹಳೆಯ ಉಪಾಯ, ತಿನಿಸು ಚೆಲ್ಲಿ ಬಾಗಿಲು ಮುಚ್ಚುವುದು, ಕೈಹಿಡಿಯಿತು. ಕಡಿಯುವ ಮೂಳೆಯನ್ನು ಮತ್ತೆ ಕೊಡತೊಡಗಿಲ್ಲ, ಕೊಡುವ ಯೋಚನೆಯೂ ಇಲ್ಲ. ಹಲ್ಲಿನ ದೃಷ್ಟಿಯಿಂದಲೂ ಅದು ಬೇಕಿಲ್ಲ.

ನೆಂಟರು ಬಂದಾಗ, ಮಗಳ ಗೆಳತಿಯರು ಇರುವಾಗ ಚುಕ್ಕಿಯ ಊಟ ಇಂದಿಗೂ ಗೇಟಿನ ಆಚೆಯೇ. ಹೊಸ ಮನುಷ್ಯನ ಹೆಜ್ಜೆಗೆ ಅದರ ಬಳಿ ಯಾವ ಲೆಕ್ಕವೂ ಇಲ್ಲ. ಅಪ್ಪನ ಹೆಜ್ಜೆಗೆ ಇದೆ. ಕೊನೆಯ ವಿಡಿಯೊದಲ್ಲಿ ಅವರು ಬೂಟು ಹಾಕಿಕೊಂಡೇ ಒಳಗೆ ಬರುತ್ತಾರೆ, ಚುಕ್ಕಿ ಅರ್ಧ ತಿಂದ ಬಟ್ಟಲನ್ನು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು ಅವರ ಸೊಂಟದ ಚೀಲವನ್ನು ಮೂಸುತ್ತದೆ.